ಕ್ರೈಸ್ತ ಸ್ತ್ರೀಯ ಉಡಿಗೆಯೂ ಮಾನವೂ



ಕಳೆದ ವರುಷ ನಮ್ಮ ಸಭೆಯ ಸುಗ್ಗಿ ಹಬ್ಬದ ದಿವಸ ಮಧ್ಯಾಹ್ನ ಕೂಡಿದ ಸ್ತ್ರೀಯರ ಕೂಟದಲ್ಲಿ ನಾನು ಒಂದು ಪ್ರಸಂಗವನ್ನು ಮಾಡಿದೆನು. ಕ್ರೈಸ್ತ ಸ್ತ್ರೀಯು ಎಂಥ ಬಟ್ಟೆಯನ್ನು ತೊಡತಕ್ಕದ್ದು, ಎಂಥದನ್ನು ತೊಡಬಾರದು ಎಂಬದೇ ಅದರ ವಿಷಯವಾಗಿತ್ತು. ಮೂವತ್ತು ವರುಷ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳಿಗೆ ನಿಂತು ಮಾತಾಡುವದು ಕಷ್ಟವಲ್ಲ; ಗದರಿಸುವದು ಅದಕ್ಕಿಂತಲೂ ಸುಲಭ. ಆ ದಿವಸ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಸಭೆಯ ಒಬ್ಬ ಹುಡುಗಿಯು ಹಬ್ಬಕ್ಕೆಂದು ಊರಿಗೆ ಬಂದು, ಜೀನ್ಸ್ ಪ್ಯಾಂಟು, ಮೇಲೊಂದು ಗಿಡ್ಡ ಅಂಗಿ ತೊಟ್ಟು, ದುಪಟ್ಟಾ ಇಲ್ಲದೆ ತನ್ನ ತಾಯಿಯ ಸಂಗಡ ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಹೆಸರು ಹೇಳಲಿಲ್ಲ. ಆದರೆ ಪಟ್ಟಣಕ್ಕೆ ಹೋದ ನಮ್ಮ ಹೆಣ್ಣು ಮಕ್ಕಳು ನಾಚಿಕೆಯನ್ನು ರೈಲಿನಲ್ಲಿಯೇ ಬಿಟ್ಟು ಬರುತ್ತಾರೆಂದು ನಾನು ಹೇಳಿದಾಗ ಎಲ್ಲರ ತಲೆಗಳೂ ಹಿಂದಕ್ಕೆ ತಿರುಗಿದವು. ನನ್ನ ಮಾತು ಚೆನ್ನಾಗಿ ನಾಟಿತೆಂದು ನನಗೆ ಒಳಗೊಳಗೇ ಸಂತೋಷವಾಯಿತೆಂಬದನ್ನು ಇಲ್ಲಿ ಮುಚ್ಚಿಡಲಾರೆನು.

ಹುಡುಗಿಯು ಮರುದಿವಸವೇ ಬೆಂಗಳೂರಿಗೆ ಹೋದಳು. ಆಕೆಯ ತಾಯಿ ಮುಂದಿನ ಆದಿತ್ಯವಾರ ದೇವಾಲಯಕ್ಕೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ, ಮೂರನೆಯ ವಾರವೂ ಇಲ್ಲ. ಮೈಗೆ ಸೌಖ್ಯವಿಲ್ಲವೋ ಏನೋ ಎಂದು ನಾನು ಆಕೆಯ ಮನೆಗೆ ಹೋದೆನು. ಆಕೆಯು ಅಂಗಳದಲ್ಲಿ ಕೂತು ಸಾಹುಕಾರರ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನನಗೆ ಚಾಪೆ ಹಾಸಿ, ನೀರು ಕೊಟ್ಟು, ಮತ್ತೆ ತನ್ನ ಕೆಲಸಕ್ಕೆ ಕೂತಳು. ಯಾಕೆ ಬರಲಿಲ್ಲವೆಂದು ನಾನು ಎರಡು ಸಾರಿ ಕೇಳಿದ ಮೇಲೆ ತಲೆ ಎತ್ತದೆ, “ಅಕ್ಕೋರೇ, ನನ್ನ ಮಗಳ ಬಟ್ಟಿ ನಿಮ್ಮ ಕಣ್ಣಿಗೆ ಬಿತ್ತು. ನಿಮ್ಮ ಸೀರೀ ನನ್ನ ಕಣ್ಣಿಗೆ ಬಿತ್ರಿ. ನೀವು ಹೇಳೂ ಜಾಗದಾಗ ನಿಂತಿದ್ರಿ, ಹೇಳಿದ್ರಿ. ನಾ ಎಲ್ಲಿ ನಿಂತು ಹೇಳಲಿ?” ಅಂದಳು.

ಆ ದಿವಸ ನಾನು ಉಟ್ಟಿದ್ದು ಕೆಂಪು ಸೆರಗಿನ ಇಳಕಲ್ಲಿನ ರೇಶ್ಮೆ ಸೀರೆ, ತೊಟ್ಟಿದ್ದು ಗುಳೇದಗುಡ್ಡದ ಖಣದ ಕುಪ್ಪಸ. ಸೀರೆಯ ಬೆಲೆ 12,000 ರೂಪಾಯಿ. ಆಕೆಯ ಕೂಲಿಯ ಲೆಕ್ಕದಲ್ಲಿ ಅದು 40 ದಿವಸಗಳ ದುಡಿಮೆ. ಕುತ್ತಿಗೆಯಿಂದ ಹಿಮ್ಮಡಿಯ ತನಕ ನನ್ನ ಮೈಯೆಲ್ಲಾ ಮುಚ್ಚಿತ್ತು, ತಲೆಯ ಮೇಲೆ ಸೆರಗೂ ಇತ್ತು. ಆದದರಿಂದ ನಾನು ಮಾನಸ್ಥೆಯಾಗಿ ಉಟ್ಟವಳೆಂಬದರಲ್ಲಿ ನನಗೆ ಸಂಶಯವೇ ಇದ್ದಿಲ್ಲ.

ಮನೆಗೆ ಬಂದಾಗ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಸಾಲ ಮಾಡದೆ, ಕಳವು ಮಾಡದೆ ಕೊಂಡ ಸೀರೆಯ ವಿಷಯವಾಗಿ ನಾನು ಯಾರಿಗೆ ಉತ್ತರ ಕೊಡಬೇಕು? ನನ್ನ ಪಕ್ಷಕ್ಕೆ ಆಧಾರವನ್ನು ಹುಡುಕುವದಕ್ಕಾಗಿ ಸತ್ಯವೇದವನ್ನು ತೆರೆದೆನು. ಪ್ರಸಂಗಕ್ಕೆ ನಾನು ಆರಿಸಿಕೊಂಡದ್ದು ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೆಯ ಅಧ್ಯಾಯದ ಒಂಭತ್ತನೆಯ ವಚನ. ಅದರ ಮೊದಲರ್ಧದಲ್ಲಿ ಸ್ತ್ರೀಯರು ಮರ್ಯಾದೆಗೆ ತಕ್ಕಂತೆಯೂ ಮನಸ್ಸಿನ ಹಿಡಿತದಿಂದಲೂ ಉಡಬೇಕೆಂಬ ಮಾತು ಇದೆ. ಕೂಟದಲ್ಲಿ ನಾನು ಅಷ್ಟನ್ನೇ ಓದಿ ಪುಸ್ತಕವನ್ನು ಮುಚ್ಚಿದ್ದೆನು. ಉಳಿದರ್ಧವನ್ನು ಈಗ ಓದಿದೆನು. ಯಾವದು ಬೇಡವೆಂದು ಅಪೊಸ್ತಲನು ಹೇಳುತ್ತಾನೆ? ಬಗೆಬಗೆಯಾಗಿ ಹೆಣೆದ ಜಡೆ, ಚಿನ್ನ, ಮುತ್ತು, ಬೆಲೆಯುಳ್ಳ ವಸ್ತ್ರ. ಈ ನಾಲ್ಕರಲ್ಲಿ ಒಂದಾದರೂ ಮೈ ಕಾಣುವ ಬಟ್ಟೆಯ ಮಾತಲ್ಲ. ನಾಲ್ಕೂ ಹಣದ ಮಾತುಗಳೇ. ಪೇತ್ರನು ತನ್ನ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಬರೆದದ್ದೂ ಜಡೆ, ಚಿನ್ನ, ಉಡುಪು ಎಂಬ ಇದೇ ಮೇರೆಯ ಪಟ್ಟಿ. ಇಷ್ಟು ವರುಷ ನಾನು ಈ ವಚನಗಳನ್ನು ಓದಿದ್ದರೂ ಅವು ಗಿಡ್ಡ ಅಂಗಿಯ ಹುಡುಗಿಗೆ ಬರೆದವುಗಳೆಂದು ತಿಳಿದಿದ್ದೆನು. ಅವು ರೇಶ್ಮೆ ಸೀರೆಯವಳಿಗೆ ಬರೆದವು.

ತಿಮೊಥೆಯನು ಆಗ ಇದ್ದದ್ದು ಎಫೆಸದಲ್ಲಿ. ಅದು ರೋಮಾ ರಾಜ್ಯದ ದೊಡ್ಡ ವ್ಯಾಪಾರದ ಪಟ್ಟಣ. ಆ ಕಾಲದಲ್ಲಿ ಶ್ರೀಮಂತ ಸ್ತ್ರೀಯರ ಅಲಂಕಾರ ಎಷ್ಟರ ಮಟ್ಟಿಗೆ ಬೆಳೆದಿತ್ತೆಂಬದಕ್ಕೆ ಅದೇ ಶತಮಾನದವನಾದ ಪ್ಲಿನಿ ಎಂಬ ರೋಮಾಪುರದ ಗ್ರಂಥಕರ್ತನೇ ಸಾಕ್ಷಿ. ಲೊಲ್ಲಿಯಾ ಪೌಲಿನಾ ಎಂಬವಳು ಕಲಿಗುಲ ಚಕ್ರವರ್ತಿಗೆ ಹೆಂಡತಿಯಾಗಿದ್ದವಳು. ಆಕೆಯು ಒಂದು ಸಾಧಾರಣ ನಿಶ್ಚಿತಾರ್ಥದ ಊಟಕ್ಕೆ ತಲೆ, ಕೂದಲು, ಕಿವಿ, ಕುತ್ತಿಗೆ, ಬೆರಳು ಎಲ್ಲೆಲ್ಲಿಯೂ ಪಚ್ಚೆಗಳನ್ನೂ ಮುತ್ತುಗಳನ್ನೂ ಧರಿಸಿ ಬಂದದ್ದನ್ನು ತಾನು ಕಣ್ಣಾರೆ ಕಂಡೆನೆಂದು ಅವನು ಬರೆದಿದ್ದಾನೆ. ಅವುಗಳ ಬೆಲೆ 4 ಕೋಟಿ ಸೆಸ್ಟರ್ಸ್ ನಾಣ್ಯಗಳು; ಬೇಕಾದರೆ ಲೆಕ್ಕದ ಕಾಗದಗಳನ್ನು ತೋರಿಸುವದಕ್ಕೂ ಆಕೆಯು ಸಿದ್ಧಳಾಗಿದ್ದಳಂತೆ. ಆ ಕಾಲದ ರೋಮಾ ಸಿಪಾಯಿಗೆ ವರುಷದ ಸಂಬಳ 900 ಸೆಸ್ಟರ್ಸ್. ಹಾಗಾದರೆ ಒಬ್ಬ ಹೆಂಗಸು ಒಂದು ಊಟದ ಮನೆಗೆ 44,000 ಸಿಪಾಯಿಗಳ ಒಂದು ವರುಷದ ಸಂಬಳವನ್ನು ಮೈಮೇಲೆ ಹೊತ್ತುಕೊಂಡು ಹೋದಳು. ಆ ಒಡವೆಗಳು ಗಂಡನು ಕೊಟ್ಟವುಗಳೂ ಅಲ್ಲ. ಆಕೆಯ ಅಜ್ಜನು ಅಧಿಕಾರಿಯಾಗಿದ್ದಾಗ ಪರದೇಶಗಳನ್ನು ಸುಲಿದು ಕೂಡಿಸಿದವುಗಳು ಎಂದು ಪ್ಲಿನಿಯು ಸೇರಿಸುತ್ತಾನೆ. ಆತನು ಕ್ರೈಸ್ತನಲ್ಲ. ಆದಾಗ್ಯೂ ಆ ಒಡವೆಗಳ ಹಿಂದೆ ಸುಲಿಗೆಯಾದ ಜನರು ಆತನಿಗೆ ಕಂಡರು.

ಯೆಶಾಯನ ಪುಸ್ತಕದ ಮೂರನೆಯ ಅಧ್ಯಾಯವನ್ನೂ ನಾವು ಇದೇ ರೀತಿ ಅರ್ಧಕ್ಕೆ ಓದುವವರಾಗಿದ್ದೇವೆ. ಚೀಯೋನಿನ ಕುಮಾರ್ತೆಯರ ಕಾಲುಗೆಜ್ಜೆ, ಓಲೆ, ಬಳೆ, ಮುಸುಕು, ಉಂಗುರ, ಮೂಗುತಿಗಳ ಉದ್ದವಾದ ಪಟ್ಟಿಯನ್ನು ಓದಿ, ನೋಡಿರಿ, ದೇವರು ಹೆಂಗಸರ ಸೊಬಗಿನ ಮೇಲೆ ಹ್ಯಾಗೆ ಕೋಪಗೊಂಡನು ಎಂದು ಉಪದೇಶಿಸುತ್ತೇವೆ. ಆದರೆ ಆ ಪಟ್ಟಿಗೆ ತುಸು ಮುಂಚೆ, ಹದಿನಾಲ್ಕನೆಯ ಹದಿನೈದನೆಯ ವಚನಗಳಲ್ಲಿ, ಕರ್ತನು ಜನರ ಹಿರಿಯರನ್ನೂ ಪ್ರಭುಗಳನ್ನೂ ನ್ಯಾಯಕ್ಕೆ ಕರೆದು, ಬಡವನಿಂದ ಕಸಕೊಂಡದ್ದು ನಿಮ್ಮ ಮನೆಗಳಲ್ಲಿ ಇದೆಯಲ್ಲಾ ಎಂದು ಕೇಳುತ್ತಾನೆ. ಗಂಡಸರ ಮನೆಯೊಳಗೆ ಹೊಕ್ಕ ಆ ಸುಲಿಗೆಯೇ ಹೆಂಗಸರ ಕಾಲಿನಲ್ಲಿ ಗೆಜ್ಜೆಯಾಗಿ ಸಪ್ಪಳ ಮಾಡಿತು. ಹೆಂಗಸರಿಗೆ ಪ್ರಸಂಗ ಮಾಡುವ ಗಂಡಸರು ಆ ಎರಡು ವಚನಗಳನ್ನು ಬಿಟ್ಟು ಓದುವದು ಯಾಕೆಂಬದನ್ನು ನಾನು ಹೇಳುವದಿಲ್ಲ.

ಹಾಗಾದರೆ ಒಳ್ಳೆಯ ಬಟ್ಟೆಯೇ ಪಾಪವೋ? ಇಲ್ಲ. ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದಲ್ಲಿ ಹೊಗಳಲ್ಪಟ್ಟ ಗುಣವತಿಯಾದ ಸ್ತ್ರೀಯು ನಾರುಮಡಿಯನ್ನೂ ಧೂಮ್ರವರ್ಣದ ವಸ್ತ್ರವನ್ನೂ ಉಡುತ್ತಾಳೆ. ಪೌಲನ ಮಾತನ್ನು ಕೇಳಿ ನಂಬಿದ ಲುದ್ಯಳು ಅದೇ ಧೂಮ್ರ ಬಣ್ಣದ ವಸ್ತ್ರಗಳನ್ನು ಮಾರುವ ವ್ಯಾಪಾರಸ್ಥಳು; ಆ ವ್ಯಾಪಾರವನ್ನು ಬಿಡೆಂದು ಪೌಲನು ಹೇಳಿದ ಹಾಗೆ ಎಲ್ಲಿಯೂ ಬರೆದಿರುವದಿಲ್ಲ. ಆದರೆ ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯಕ್ಕೆ ಬನ್ನಿರಿ. ಅಲ್ಲಿಯ ಐಶ್ವರ್ಯವಂತನು ಉಟ್ಟದ್ದೂ ಧೂಮ್ರವರ್ಣದ ವಸ್ತ್ರವೇ, ನಯವಾದ ನಾರುಮಡಿಯೇ. ಬಟ್ಟೆ ಅದೇ, ಬಣ್ಣವೂ ಅದೇ. ಒಂದು ಮನೆಗೆ ಹೊಗಳಿಕೆ, ಇನ್ನೊಂದು ಮನೆಗೆ ಪಾತಾಳ. ಎರಡು ಮನೆಗಳಿಗೆ ಇರುವ ಭೇದವು ಪೆಟ್ಟಿಗೆಯಲ್ಲಿ ಇರುವದಿಲ್ಲ, ಬಾಗಲಲ್ಲಿ ಇರುತ್ತದೆ. ಗುಣವತಿಯು ಆ ಬಟ್ಟೆಯನ್ನು ಉಟ್ಟಳೆಂದು ಬರೆಯುವದಕ್ಕೆ ಎರಡು ವಚನ ಮುಂಚೆ ಆಕೆಯು ದಿಕ್ಕಿಲ್ಲದವರಿಗೆ ಕೈ ಚಾಚಿದಳೆಂದು ಬರೆದಿದೆ. ಐಶ್ವರ್ಯವಂತನ ಬಾಗಲಲ್ಲಿ ಲಾಜರನು ಹುಣ್ಣು ತುಂಬಿದವನಾಗಿ ಬಿದ್ದಿದ್ದನು. ನಾನು ಪ್ರಸಂಗ ಮಾಡುತ್ತಿದ್ದಾಗ ನಮ್ಮ ದೇವಾಲಯದ ಬಾಗಲ ಹತ್ತಿರ, ಹಿಂದಿನ ಸಾಲಿನಲ್ಲಿ, ಮೆಣಸಿನಕಾಯಿಯ ಘಾಟು ಬೆರಳಿನಿಂದ ಹೋಗದ ಒಬ್ಬ ಹೆಂಗಸು ಕೂತಿದ್ದಳು.

ವೆಸ್ಲಿಯನ್ ಸಭೆಗಳ ಮೂಲಪುರುಷನಾದ ಜಾನ್ ವೆಸ್ಲಿಯು ತನ್ನ ಮುಪ್ಪಿನಲ್ಲಿ ಉಡುಪಿನ ವಿಷಯವಾಗಿಯೇ ಒಂದು ಪ್ರಸಂಗವನ್ನು ಬರೆದನು. ಬೆಲೆಯುಳ್ಳ ಬಟ್ಟೆಯು ಗರ್ವವನ್ನೂ ಹೊಟ್ಟೇಕಿಚ್ಚನ್ನೂ ಹುಟ್ಟಿಸುವದೆಂದು ಅವನು ಹೇಳುವದು ಸರಿಯೇ. ಆದರೆ ಅವನ ಮುಖ್ಯ ಮಾತು ಇನ್ನೂ ಗಡುಸಾಗಿದೆ: ನೀನು ಬೇಕಾದದ್ದಕ್ಕಿಂತ ಹೆಚ್ಚಾಗಿ ಬಟ್ಟೆಗೆ ವೆಚ್ಚ ಮಾಡುವ ಪ್ರತಿಯೊಂದು ಕಾಸು ಬಟ್ಟೆಯಿಲ್ಲದ ಬಡವನಿಂದ ಕಿತ್ತುಕೊಂಡದ್ದು ಎಂಬದೇ. ಈ ಮಾತನ್ನು ನಾನು ಪೂರ್ಣವಾಗಿ ಒಪ್ಪಲಾರೆನು. ನಾವು ನೇಕಾರರ ಸೀಮೆಯವರು. ಬಾಸೆಲ್ ಮಿಶನ್ನಿನವರು ಈ ಕಡೆಗೆ ಬಂದಾಗ ಠಾಣ್ಯ ಮಾಡಿದ ಬೆಟಗೇರಿ, ಗುಳೇದಗುಡ್ಡಗಳು ಮಗ್ಗದ ಊರುಗಳೇ. ಎಲ್ಲರೂ ಅಗ್ಗದ ಗಿರಣಿಯ ಸೀರೆಯನ್ನೇ ಉಟ್ಟರೆ ಇಳಕಲ್ಲಿನ ಮಗ್ಗದ ಮುಂದೆ ಕೂತವನ ಮಕ್ಕಳು ಏನು ತಿನ್ನಬೇಕು? ಒಳ್ಳೆಯ ಸೀರೆಗೆ ಕೊಟ್ಟ ಹಣದಲ್ಲಿ ಒಂದು ಪಾಲು ಬಡವನ ಮನೆಗೂ ಹೋಗುತ್ತದೆ. ಆದರೂ ಇದನ್ನು ಬರೆಯುವಾಗ ನನ್ನ ಮನಸ್ಸಾಕ್ಷಿಯು ಕೇಳುತ್ತದೆ: ಆ ಸೀರೆಯನ್ನು ಕೊಳ್ಳುವಾಗ ನೀನು ನೇಕಾರನನ್ನು ನೆನಸಿದಿಯೋ, ಸುಗ್ಗಿ ಹಬ್ಬದಲ್ಲಿ ಮುಂದಿನ ಸಾಲನ್ನು ನೆನಸಿದಿಯೋ?

ಇಲ್ಲಿಯ ತನಕ ಓದಿದವರಲ್ಲಿ ಕೆಲವರು, ಅಕ್ಕೋರು ಹಣದ ಮಾತಿನಿಂದ ಮೈಯ ಮಾತನ್ನು ಮರೆಸುತ್ತಾರೆ ಎಂದು ಹೇಳಬಹುದು. ಹುಡುಗಿಯರು ಹ್ಯಾಗಾದರೂ ಉಡಬಹುದೋ? ಈ ಪ್ರಶ್ನೆಗೆ ಉತ್ತರ ಹೇಳುವ ಮುಂಚೆ ನಮ್ಮ ತೆಂಕಣ ದೇಶದ ಕ್ರೈಸ್ತ ಸ್ತ್ರೀಯರ ಒಂದು ಚರಿತ್ರೆಯನ್ನು ಹೇಳಬೇಕು. ಅದನ್ನು ನಮ್ಮ ಹಳ್ಳಿಗಳಲ್ಲಿ ಬಲ್ಲವರು ಕಡಿಮೆ.

ತಿರುವಾಂಕೂರು ಸಂಸ್ಥಾನದ ದಕ್ಷಿಣ ಭಾಗದಲ್ಲಿ, ನಾಗರಕೋಯಿಲಿನ ಸುತ್ತಮುತ್ತ, ಈಗ ನಾಡಾರರೆಂದು ಕರೆಯಲ್ಪಡುವ ಜನರ ಹೆಂಗಸರು ಮೇಲು ಜಾತಿಯವರ ಮುಂದೆ ಎದೆಯನ್ನು ಮುಚ್ಚಿಕೊಳ್ಳಬಾರದೆಂಬ ಕಟ್ಟಳೆ ಇತ್ತು. ಕೊಡೆ ಹಿಡಿಯಬಾರದು, ಚಿನ್ನ ಇಡಬಾರದು, ಕೊಡವನ್ನು ಸೊಂಟದ ಮೇಲೆ ಇಟ್ಟುಕೊಳ್ಳಬಾರದು ಎಂಬ ಕಟ್ಟಳೆಗಳ ಸಾಲಿನಲ್ಲಿ ಇದೂ ಒಂದು. ಲಂಡನ್ ಮಿಶನ್ನಿನ ಬೋಧಕರಿಂದ ಅವರಲ್ಲಿ ಅನೇಕರು ಕ್ರೈಸ್ತರಾದರು. 1814 ರಲ್ಲಿ ಕ್ರೈಸ್ತ ಸ್ತ್ರೀಯರು ಸುರಿಯಾನಿಯವರ ಹಾಗೆ ಕುಪ್ಪಾಯವನ್ನು, ಅಂದರೆ ನಮ್ಮ ಕುಪ್ಪಸದಂಥ ಅಂಗಿಯನ್ನು, ತೊಡಬಹುದೆಂದು ಅಪ್ಪಣೆಯಾಯಿತು. ಆದರೆ ಮೇಲು ಜಾತಿಯ ಸ್ತ್ರೀಯರು ಹೊದೆಯುವ ಮೇಲುವಸ್ತ್ರವನ್ನು ಹೊದೆಯಕೂಡದು. ಆ ಸ್ತ್ರೀಯರು ಅಂಗಿಯನ್ನೂ ತೊಟ್ಟರು, ಅದರ ಮೇಲೆ ಮೇಲುವಸ್ತ್ರವನ್ನೂ ಹೊದೆದರು. ಸಂತೆಗೆ ಹೋದಾಗ ಅವರನ್ನು ಹಿಡಿದು ಬಟ್ಟೆಯನ್ನು ಹರಿದರು. ದೇವಾಲಯಗಳನ್ನೂ ಶಾಲೆಗಳನ್ನೂ ಸುಟ್ಟರು. 1829 ರ ಫೆಬ್ರವರಿಯಲ್ಲಿ ಮೇಲುವಸ್ತ್ರವು ಕೂಡದೆಂದು ಮತ್ತೊಮ್ಮೆ ಆಜ್ಞೆಯಾಯಿತು. ಮೂವತ್ತು ವರುಷಗಳ ಮೇಲೆ, 1858 ರ ಕೊನೆಗೂ 1859 ರ ಮೊದಲಿಗೂ, ಅದೇ ಗಲಭೆ ಮತ್ತೆ ಎದ್ದಿತು. ಕಡೆಗೆ 1859 ರ ಜುಲಾಯಿ 26 ರಂದು ಮಹಾರಾಜರು ಆ ಜಾತಿಯ ಸ್ತ್ರೀಯರೆಲ್ಲರೂ, ಕ್ರೈಸ್ತರಾಗಲಿ ಅಲ್ಲದವರಾಗಲಿ, ಮೈಯನ್ನು ಮುಚ್ಚಿಕೊಳ್ಳಬಹುದೆಂದು ಹೊರಡಿಸಿದರು. ಆದರೆ ಆ ಅಪ್ಪಣೆಯಲ್ಲಿಯೂ ಒಂದು ಮುಳ್ಳು ಉಳಿದಿತ್ತು: ಮೇಲು ಜಾತಿಯ ಸ್ತ್ರೀಯರ ರೀತಿಯಲ್ಲಿ ಮಾತ್ರ ಉಡಬಾರದು, ಬೆಸ್ತರ ಹೆಂಗಸರ ಹಾಗೆ ದಪ್ಪ ಬಟ್ಟೆಯನ್ನು ಕಟ್ಟಿಕೊಳ್ಳಬಹುದು.

ಮೈ ಮುಚ್ಚುವದೇ ಮಾನವಾಗಿದ್ದರೆ ಕುಪ್ಪಾಯ ಸಿಕ್ಕ ದಿವಸವೇ ಆ ಜಗಳ ಮುಗಿಯಬೇಕಾಗಿತ್ತು. ಅಂಗಿಯು ಮೈಯನ್ನು ಮುಚ್ಚುತ್ತಿತ್ತಲ್ಲಾ. ಮುಗಿಯಲಿಲ್ಲ. ಆ ಸೀಮೆಯಲ್ಲಿ ಎದೆ ತೆರೆದಿರುವದು ನಾಚಿಕೆಗೇಡಿನ ಗುರುತಾಗಿದ್ದಿಲ್ಲ. ದೊಡ್ಡವರ ಮುಂದೆ ತಗ್ಗುವ ಗುರುತಾಗಿತ್ತು. ನಾಯರ ಸ್ತ್ರೀಯರು ಸಹ ಅರಸರ ಮುಂದೆ ಸೆರಗನ್ನು ತೆಗೆಯುತ್ತಿದ್ದರು. ಬೋಧಕರ ಹೆಂಡತಿಯರು ಅದನ್ನು ಬರೀ ನಾಚಿಕೆಯ ವಿಷಯವೆಂದು ತಿಳಿದು ಅಂಗಿಯನ್ನು ಹೊಲಿಸಿಕೊಟ್ಟರೆಂದು ನನಗೆ ತೋರುತ್ತದೆ. ಆ ಹಳ್ಳಿಯ ಹೆಂಗಸರು ಅವರಿಗಿಂತ ಹೆಚ್ಚಾಗಿ ತಿಳಿದಿದ್ದರು. ನೀನು ಇಷ್ಟರವಳು ಎಂದು ತಮ್ಮ ಮೈಯ ಮೇಲೆ ಬರೆಯುವ ಅಧಿಕಾರ ಯಾರಿಗೂ ಇಲ್ಲವೆಂಬದಕ್ಕಾಗಿ ಅವರು ಪೆಟ್ಟು ತಿಂದರು.

ಇದಕ್ಕೆ ಎದುರಾಗಿ ನಮ್ಮ ಕನ್ನಡನಾಡಿನದೇ ಇನ್ನೊಂದು ಸಂಗತಿಯನ್ನು ನೋಡಿರಿ. 2021 ರ ನವಂಬರ ತಿಂಗಳಲ್ಲಿ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರೆಂಬ ಹಾಲಕ್ಕಿ ಒಕ್ಕಲಿಗರ ವೃದ್ಧೆಯು ಸಾವಿರಾರು ಸಸಿಗಳನ್ನು ಬೆಳೆಸಿದ ಪುಣ್ಯಕ್ಕಾಗಿ ದಿಲ್ಲಿಯ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಬಿರುದನ್ನು ಹೊಂದಿದರು. ಕಾಲಲ್ಲಿ ಜೋಡಿಲ್ಲ. ರವಿಕೆಯಿಲ್ಲದೆ, ತಮ್ಮ ಜನರ ರೀತಿಯಲ್ಲಿ ಕಟ್ಟಿದ ಸೀರೆ, ಕುತ್ತಿಗೆಯ ತುಂಬ ಮಣಿಸರ. 2024 ರ ದಶಂಬರದಲ್ಲಿ ಅವರು ತೀರಿಕೊಂಡರು. ಆ ತಾಯಿಯನ್ನು ಮಾನವಿಲ್ಲದವರೆಂದು ಹೇಳುವ ನಾಲಿಗೆ ಯಾವದು? ತಿರುವಾಂಕೂರಿನಲ್ಲಿ ಬಟ್ಟೆಯನ್ನು ಕಸಕೊಂಡರು. ಹೊನ್ನಳ್ಳಿಯ ಅಜ್ಜಿ ತಮ್ಮ ತಾಯಂದಿರು ಉಟ್ಟ ಹಾಗೆ ಉಟ್ಟರು. ಅಂಗುಲದ ಪಟ್ಟಿಯಿಂದ ಅಳೆದರೆ ಈ ಎರಡಕ್ಕೂ ಭೇದ ತಿಳಿಯಲಾರದು.

ಮರ್ಯಾದೆ ಎಂಬ ಶಬ್ದಕ್ಕೆ ಎಲ್ಲೆ, ಮೇರೆ ಎಂಬ ಅರ್ಥವೂ ಉಂಟೆಂಬದು ನಿಮಗೆ ಗೊತ್ತಿದೆ. ಎಲ್ಲೆಯು ಒಬ್ಬನ ಹೊಲಕ್ಕೆ ಮಾತ್ರ ಇರುವದಿಲ್ಲ, ಎರಡು ಹೊಲಗಳ ನಡುವೆ ಇರುತ್ತದೆ. ಉಡುವವಳಿಗೆ ಹ್ಯಾಗೋ ಹಾಗೆಯೇ ನೋಡುವವನಿಗೂ ಮರ್ಯಾದೆಯಿದೆ. ನೋಹನು ಕುಡಿದು ಡೇರೆಯಲ್ಲಿ ಬೆತ್ತಲೆಯಾಗಿ ಬಿದ್ದಿರುವಾಗ ಹಾಮನು ನೋಡಿ ಹೊರಗೆ ಬಂದು ಸುದ್ದಿ ಮಾಡಿದನು. ಶೇಮ ಯೆಫೆತರು ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಹಿಂದು ಹಿಂದಾಗಿ ನಡೆದು, ಮುಖವನ್ನು ತಿರುಗಿಸಿಕೊಂಡೇ ತಂದೆಯನ್ನು ಮುಚ್ಚಿದರು. ಅಲ್ಲಿ ತಪ್ಪು ಮಾಡಿದವನು ನೋಹನೇ ಸರಿ. ಆದರೂ ಶಾಪವು ನೋಡಿ ಸುದ್ದಿ ಮಾಡಿದವನ ಮನೆಗೆ ಹೋಯಿತು. ನಮ್ಮ ಕರ್ತನೂ ಬೆಟ್ಟದ ಮೇಲಿನ ಪ್ರಸಂಗದಲ್ಲಿ ಪರಸ್ತ್ರೀಯನ್ನು ಮೋಹದಿಂದ ನೋಡುವವನ ವಿಷಯವಾಗಿ ಮಾತಾಡಿದಾಗ, ಆ ಸ್ತ್ರೀಯು ಏನು ಉಟ್ಟಿದ್ದಳೆಂದು ಕೇಳಲಿಲ್ಲ. ನೋಡುವವನ ಕಣ್ಣನ್ನೇ ಕಿತ್ತುಬಿಡುವದು ಲೇಸೆಂದು ಹೇಳಿದನು. ಕಾರ್ಥೇಜಿನ ತೆರ್ತುಲ್ಲಿಯಾನನು ಸುಮಾರು ಕ್ರಿ.ಶ. 200 ರಲ್ಲಿ ಸ್ತ್ರೀಯರ ಅಲಂಕಾರದ ಮೇಲೆ ಎರಡು ಪುಸ್ತಕಗಳನ್ನು ಬರೆದು ಹವ್ವಳ ಪಾಪವನ್ನು ಎಲ್ಲಾ ಹೆಂಗಸರ ತಲೆಗೆ ಕಟ್ಟಿದನು. ದೊಡ್ಡ ಪಂಡಿತನೇ; ಆದರೆ ಈ ಸಂಗತಿಯಲ್ಲಿ ನಾನು ಪಂಡಿತನನ್ನು ಬಿಟ್ಟು ಕರ್ತನ ಹಿಂದೆ ಹೋಗುವೆನು.

ಹೀಗೆಂದ ಮಾತ್ರಕ್ಕೆ ಬಟ್ಟೆಯು ಏನೂ ಮಾತಾಡುವದಿಲ್ಲವೆಂದು ನಾನು ಹೇಳುವದಿಲ್ಲ. ಸತ್ತವರ ಮನೆಗೆ ಜರಿಯ ಸೀರೆಯನ್ನು ಉಟ್ಟು ಹೋಗುವವಳು ಒಂದು ಮಾತನ್ನು ಆಡಿದಂತೆಯೇ. ಇನ್ನೊಬ್ಬಳ ಗಂಡನ ಕಣ್ಣನ್ನು ಸೆಳೆಯಬೇಕೆಂದೇ ಉಡುವವಳು ಲೋಕದಲ್ಲಿ ಇಲ್ಲವೆಂದು ನಾನು ಆಣೆ ಇಡಲಾರೆನು; ಅಂಥವಳು ಆರು ಗಜದ ಸೀರೆಯಲ್ಲಿಯೂ ಅದನ್ನು ಮಾಡಬಲ್ಲಳು. ನಮ್ಮ ಶರೀರವು ಪವಿತ್ರಾತ್ಮನ ಆಲಯವೆಂದು ಕೊರಿಂಥದವರಿಗೆ ಬರೆದ ಮಾತು ನಿಜವಾದದ್ದು. ತಾಯಿಯು ಮಗಳಿಗೆ ಬುದ್ಧಿ ಹೇಳುವದೂ ತಕ್ಕದ್ದು. ಮಗಳಿಗೆ ಹೇಳುವದು ಬೇರೆ, ಹಿಂದಿನ ಸಾಲಿನಲ್ಲಿ ಕೂತ ಪರರ ಮಗಳಿಗೆ ಎಲ್ಲರ ತಲೆ ತಿರುಗುವ ಹಾಗೆ ಹೇಳುವದು ಬೇರೆ. ಏದೆನಿನ ತೋಟದಲ್ಲಿ ಆದಾಮನೂ ಹವ್ವಳೂ ಅಂಜೂರದ ಎಲೆಗಳನ್ನು ಹೊಲಿದುಕೊಂಡರು. ತೀರ್ಪನ್ನು ಕೊಟ್ಟ ಮೇಲೆಯೂ, ಅವರನ್ನು ತೋಟದಿಂದ ಹೊರಡಿಸುವ ಮುಂಚೆ, ಕರ್ತನಾದ ದೇವರು ತಾನೇ ಚರ್ಮದ ಅಂಗಿಗಳನ್ನು ಮಾಡಿ ಅವರಿಗೆ ತೊಡಿಸಿದನೆಂದು ಬರೆದಿದೆ. ಸತ್ಯವೇದದಲ್ಲಿ ಮನುಷ್ಯನಿಗೆ ಮೊದಲು ಬಟ್ಟೆ ಕೊಟ್ಟವನು ದೇವರೇ. ಅದನ್ನು ಕೊಟ್ಟದ್ದು ತಪ್ಪು ಮಾಡಿದವರಿಗೆ.

ಆ ಹುಡುಗಿಯು ಕ್ರಿಸ್ಮಸಿಗೆ ಊರಿಗೆ ಬಂದಾಗ ನಾನು ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆನು. ವಯಸ್ಸಾದವಳಿಗೆ ಇದು ಕಷ್ಟವೇ. ಆಕೆಯು ಏನೂ ಅನ್ನದೆ ನಕ್ಕು, ತನ್ನ ಕೆಲಸದ ಸಂಗತಿಯನ್ನು ಹೇಳಿದಳು. ಸಾಲು ಸಾಲಾಗಿ ಇಟ್ಟ ಯಂತ್ರಗಳ ಮುಂದೆ ಕೂತು ಘಂಟೆಗೆ ಇಷ್ಟು ಎಂಬ ಲೆಕ್ಕದಲ್ಲಿ ಪರದೇಶದವರ ಅಂಗಿಗಳಿಗೆ ತೋಳು ಹಚ್ಚುತ್ತಾಳಂತೆ. ಬೆಂಗಳೂರಿನಲ್ಲಿ ಈ ಕೆಲಸದಿಂದ ಹೊಟ್ಟೆ ಹೊರೆಯುವವರು ಲಕ್ಷಾಂತರ ಜನ, ಅವರಲ್ಲಿ ಹೆಚ್ಚು ಪಾಲು ಹೆಂಗಸರೇ. “ಜೋತಾಡೂ ಬಟ್ಟಿ ಮಷೀನಿಗೆ ಸಿಕ್ಕರ ಕುತ್ತಿಗೀನ ಹೋಗ್ತೈತ್ರಿ ಅಕ್ಕೋರೇ. ದಿನಾ ಹಾಕ್ಕೊಳ್ಳೋದು ಇದನ್ನ, ಹಬ್ಬಕ್ಕ ಬ್ಯಾರೆ ಇರಲಿಲ್ಲ” ಅಂದಳು. ಆಕೆಯು ತಿಂಗಳು ತಿಂಗಳು ಕಳುಹಿಸುವ ಹಣದಿಂದ ತಾಯಿಯ ಮನೆಯ ಹಂಚಿನ ಸಾಲ ತೀರುತ್ತಾ ಇತ್ತು. ಅದು ಆ ಊರಲ್ಲಿ ನನಗೊಬ್ಬಳಿಗೇ ತಿಳಿಯದೆ ಇದ್ದದ್ದು.

ಈ ವರುಷದ ಸುಗ್ಗಿ ಹಬ್ಬ ಹತ್ತರ ಬಂದಾಗ ಸ್ತ್ರೀಯರ ಕೂಟದಲ್ಲಿ ನಾನು ಎದ್ದು ನಿಂತು ನನ್ನ ತಪ್ಪನ್ನು ಹೇಳಿ, ಹಬ್ಬದ ದಿವಸ ನಾವೆಲ್ಲರೂ ಸಂತೆಗೆ ಉಡುವ ಸೀರೆಯನ್ನೇ ಉಟ್ಟು ಬರೋಣವೆಂದು ಕೇಳಿಕೊಂಡೆನು. ಎಲ್ಲರಿಗಿಂತ ಮೊದಲು ಬೇಡವೆಂದವಳು ಆ ತಾಯಿಯೇ. ವರುಷವೆಲ್ಲಾ ಮಣ್ಣಿನಲ್ಲಿ ಇರುವವರಿಗೆ ಒಂದು ದಿವಸ ಹೊಸದನ್ನು ಉಡಬೇಕೆಂಬ ಆಶೆ ಇರುವದಿಲ್ಲವೇ, ಅದನ್ನೂ ಅಕ್ಕೋರು ಬಿಡಿಸುತ್ತಾರೋ ಎಂದು ಕೇಳಿದಳು. ನಾನು ಇದನ್ನು ಆಲೋಚಿಸಿದ್ದಿಲ್ಲ. ಕಟ್ಟಳೆ ಯಾವದೂ ಆಗಲಿಲ್ಲ. ನನ್ನ ರೇಶ್ಮೆ ಸೀರೆಯು ಪೆಟ್ಟಿಗೆಯಲ್ಲಿ ಇದೆ. ಮಾರಿಬಿಡಬೇಕೆಂದು ಒಂದು ದಿವಸ, ನಮ್ಮ ಮನೆಯವರು ಸಾಯುವ ಮುಂಚೆ ಕೊಡಿಸಿದ್ದಲ್ಲಾ ಎಂದು ಒಂದು ದಿವಸ, ಹೀಗೆ ಮನಸ್ಸು ತೂಗಾಡುತ್ತದೆ.

ಆದರೆ ಯೊಪ್ಪದ ತಬಿಥಳು ಸತ್ತಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಆಕೆಯು ಉಟ್ಟ ಬಟ್ಟೆಗಳನ್ನಲ್ಲ, ಆಕೆಯು ತಮಗಾಗಿ ಹೊಲಿದ ಬಟ್ಟೆಗಳನ್ನು. ಈ ಮಾತನ್ನು ಓದಿದ ಮೇಲೆ ಕೂಟದ ಹಣದಿಂದ ಹಳೆಯ ಹೊಲಿಗೆಯ ಯಂತ್ರವೊಂದನ್ನು ಕೊಂಡು ದೇವಾಲಯದ ಪಡಸಾಲೆಯಲ್ಲಿ ಇಟ್ಟೆವು. ಹಬ್ಬದ ಮುಂಚೆ ಹತ್ತು ದಿವಸ ರಜೆಯಲ್ಲಿ ಬಂದ ಆ ಹುಡುಗಿಯೇ ನಮಗೆ ಗುರುವಾದಳು. ಅದೇ ಪ್ಯಾಂಟು, ಅದೇ ಗಿಡ್ಡ ಅಂಗಿ, ಕೂದಲನ್ನು ಮೇಲಕ್ಕೆ ಗಂಟು ಕಟ್ಟಿ ಕೂತು ಹದಿನೆಂಟು ಕುಪ್ಪಸಗಳನ್ನು ಹೊಲಿದಳು. ಯಂತ್ರ ತುಳಿಯಲು ಬಾರದ ನಮ್ಮಂಥವರಿಗೆ ಹುಕ್ಕು ಹಚ್ಚುವ ಕೆಲಸ. ಕೊನೆಯ ದಿವಸ ಸಾಯಂಕಾಲ ನಾನು ಮುಗಿಸಿದ ಒಂದು ಕುಪ್ಪಸವನ್ನು ಆಕೆಯು ಬೆಳಕಿಗೆ ಹಿಡಿದು ನೋಡಿ, “ಅಕ್ಕೋರೇ, ಇದು ಸೊಟ್ಟ ಆಗೇತ್ರಿ” ಎಂದು ಮೂರು ಹುಕ್ಕುಗಳನ್ನು ಬಿಚ್ಚಿ, ಸೂಜಿಗೆ ದಾರ ಪೋಣಿಸಿ ಮತ್ತೆ ನನ್ನ ಕೈಯಲ್ಲಿಯೇ ಕೊಟ್ಟಳು.